ಡೈಪರ್ ದದ್ದಿಗೆ ಮನೆಮದ್ದುಗಳು: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ಡೈಪರ್ ದದ್ದಿನ ಮನೆಮದ್ದುಗಳನ್ನು ವಿಮರ್ಶೆ ಮಾಡಹೊರಟವರಿಗೆ ಮೊದಲಿಗೇ ಒಂದು ತೊಡಕು ಎದುರಾಗುತ್ತದೆ. ಒದ್ದೆಯಾದ ಡೈಪರನ್ನು ತಡಮಾಡದೆ ಬದಲಿಸಿ, ಮಗುವಿನ ಚರ್ಮಕ್ಕೆ ಸ್ವಲ್ಪ ಗಾಳಿಯಾಡಲು ಬಿಟ್ಟರೆ ಸಾಮಾನ್ಯ ದದ್ದು ಏನನ್ನೂ ಹಚ್ಚದೆಯೂ ಎರಡು ಮೂರು ದಿನಗಳಲ್ಲಿ ತಗ್ಗುತ್ತದೆ. ಹೀಗಾಗಿ ಆ ಎರಡು ಮೂರು ದಿನಗಳಲ್ಲಿ ಯಾರು ಏನು ಹಚ್ಚಿದ್ದರೂ ವಾಸಿ ಮಾಡಿದ ಕೀರ್ತಿ ಅದಕ್ಕೇ ಸಲ್ಲುತ್ತದೆ. ಒಬ್ಬರಿಗೆ ಕೊಬ್ಬರಿ ಎಣ್ಣೆ, ಇನ್ನೊಬ್ಬರಿಗೆ ಎದೆಹಾಲು, ಮತ್ತೊಬ್ಬರಿಗೆ ಓಟ್ಸ್ ನೀರು ಪವಾಡದ ಮದ್ದಾಗಿ ಕಾಣಿಸುವುದು ಈ ಕಾರಣದಿಂದ. ನಮ್ಮ ಮಗುವಿಗೆ ಇವುಗಳಲ್ಲಿ ಕೆಲವನ್ನು ನಾವೂ ಬಳಸಿದ್ದೇವೆ. ಆದರೆ ‘ನಮ್ಮ ಮಗುವಿಗೆ ಗುಣವಾಯಿತು’ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳದೆ, ಹಚ್ಚಿದ ವಸ್ತು ಚರ್ಮದ ಮೇಲೆ ಏನು ಕೆಲಸ ಮಾಡುತ್ತದೆ ಎಂಬುದನ್ನು ನೋಡಿಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಅದಕ್ಕೆ ದದ್ದು ಹೇಗೆ ಏಳುತ್ತದೆ ಎಂಬುದು ಗೊತ್ತಿರಬೇಕು. ಆರೋಗ್ಯವಂತ ಚರ್ಮದ ಮೇಲ್ಪದರ ತುಸು ಆಮ್ಲೀಯವಾಗಿರುತ್ತದೆ. ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಕ್ಷಾರ) ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿರುತ್ತದೆ. ಡೈಪರಿನೊಳಗೆ ಚರ್ಮ ಬಹಳ ಹೊತ್ತು ಒದ್ದೆಯಾಗಿದ್ದರೆ ಆ ಮೇಲ್ಪದರ ನೆನೆದು ಮೆತ್ತಗಾಗಿ, ಡೈಪರಿನ ಉಜ್ಜಾಟಕ್ಕೆ ಬೇಗ ಕೆರೆದುಹೋಗುತ್ತದೆ. ಮೂತ್ರ ಮತ್ತು ಮಲ ಒಟ್ಟಿಗೆ ಸೇರಿದಾಗ ಮಲದಲ್ಲಿರುವ ಬ್ಯಾಕ್ಟೀರಿಯಾಗಳ ಕಿಣ್ವವು (ಎನ್‌ಜೈಮ್) ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾವನ್ನು ಹುಟ್ಟಿಸುತ್ತದೆ, ಪಿಎಚ್ ಏರುತ್ತದೆ, ಹಾಗೆ ಏರಿದೊಡನೆ ಮಲದಲ್ಲಿರುವ ಪ್ರೊಟೀನ್ ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಜೀರ್ಣಿಸತೊಡಗುತ್ತವೆ. ಭೇದಿಯಾದ ದಿನ ಕೆಲವೇ ಗಂಟೆಗಳಲ್ಲಿ ಮಗುವಿನ ಹಿಂಭಾಗ ಕೆಂಡದಂತಾಗುವುದೂ, ಎದೆಹಾಲು ಮಾತ್ರ ಕುಡಿಯುವ ಕೂಸುಗಳ ಮಲ ಹೆಚ್ಚು ಆಮ್ಲೀಯವಾಗಿರುವುದರಿಂದ ಅವಕ್ಕೆ ದದ್ದಿನ ಕಾಟ ತುಸು ಕಡಿಮೆಯಿರುವುದೂ ಇದೇ ಕಾರಣಕ್ಕೆ. ಮೇಲುಣಿಸು ಸೇವಿಸುವ, ಹೆಚ್ಚು ಹೊತ್ತು ಕುಳಿತೇ ಆಡುವ ಒಂಬತ್ತರಿಂದ ಹನ್ನೆರಡು ತಿಂಗಳ ವಯಸ್ಸಿನಲ್ಲಿ ದದ್ದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಇಷ್ಟನ್ನು ಒಪ್ಪಿಕೊಂಡರೆ ಒಳ್ಳೆಯ ಮದ್ದಿನಿಂದ ನಾವು ಕೇಳಬೇಕಾದದ್ದು ಮೂರೇ ವಿಷಯ: ಅದು ಚರ್ಮಕ್ಕೂ ಹೊಲಸಿಗೂ ನಡುವೆ ಗೋಡೆಯಾಗಿ ನಿಲ್ಲಬೇಕು, ಪಿಎಚ್ ಅನ್ನು ಏರಿಸಬಾರದು, ಗಾಯಗೊಂಡ ಚರ್ಮದ ಮೂಲಕ ದೇಹದೊಳಗೆ ಹೋದರೂ ಅಪಾಯ ತರಬಾರದು. ಮನೆಮದ್ದುಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದಾದರೂ ಪರೀಕ್ಷೆಯಲ್ಲಿ ಸೋಲುತ್ತವೆ.

ಯಾವ ಖರ್ಚೂ ಇಲ್ಲದ, ಯಾರೂ ಡಬ್ಬಿಗೆ ತುಂಬಿ ಮಾರಲಾಗದ ಮದ್ದಿಗೆ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ: ಉಗುರುಬೆಚ್ಚಗಿನ ನೀರು, ಹತ್ತಿ ಮತ್ತು ಗಾಳಿ. ಸುವಾಸನೆಯ ವೈಪ್ಸ್‌ಗಳನ್ನು ದದ್ದು ಇರುವಷ್ಟು ದಿನ ಬದಿಗಿಟ್ಟು, ಹತ್ತಿಯನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಒತ್ತಿ ಒರೆಸಿದರೆ ಮಗು ಅಳುವುದು ಎಷ್ಟೋ ಕಡಿಮೆಯಾಗುತ್ತದೆ. ಚರ್ಮ ಸುಲಿದು ತೀರಾ ಹಸಿಯಾಗಿದ್ದರೆ ಒರೆಸುವುದನ್ನೇ ಬಿಟ್ಟು ನೀರನ್ನು ಸುರಿದು ತೊಳೆಯುವುದು ಲೇಸು. ತೊಳೆದ ಮೇಲೆ ಟವೆಲಿನಿಂದ ಉಜ್ಜದೆ ಒತ್ತಿ ತೇವ ತೆಗೆದು, ಹಾಸಿದ ಬಟ್ಟೆಯ ಮೇಲೆ ಡೈಪರಿಲ್ಲದೆ ಹತ್ತು ಹದಿನೈದು ನಿಮಿಷ ಬಿಡುವುದನ್ನು ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೆ, ಮುಂದೆ ಹಚ್ಚುವ ಯಾವ ಲೇಪಕ್ಕೂ ಅರ್ಧ ಕೆಲಸ ಉಳಿತಾಯವಾಗುತ್ತದೆ. ಇದರ ತೊಂದರೆಯೆಂದರೆ ಹಾಸಿದ ಬಟ್ಟೆಯನ್ನು ಪದೇಪದೇ ಒಗೆಯಬೇಕು. ಕೆಲಸಕ್ಕೆ ಹೋಗುವ ತಂದೆತಾಯಿಗೆ ಹಗಲಿನಲ್ಲಿ ಇಷ್ಟು ವ್ಯವಧಾನ ಸಿಗುವುದೂ ಕಷ್ಟ.

ಇನ್ನು ಹಚ್ಚುವ ಪದಾರ್ಥಗಳ ವಿಚಾರ. ಕೊಬ್ಬರಿ ಎಣ್ಣೆಯ ಬಗ್ಗೆ ನನಗಿರುವುದು ಮಿತವಾದ ಮೆಚ್ಚುಗೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲವೇ ಇರುತ್ತದೆ, ಆ ಆಮ್ಲಕ್ಕೆ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಇರುವುದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ, ಮತ್ತು ಬಹುಪಾಲು ಮಕ್ಕಳ ಚರ್ಮಕ್ಕೆ ಅದು ಒಗ್ಗುತ್ತದೆ. ತೆಳುವಾದ ಗುಲಾಬಿ ಬಣ್ಣದ ದದ್ದಿಗೆ, ಅಥವಾ ದದ್ದು ಏಳುವ ಮೊದಲೇ ಮುನ್ನೆಚ್ಚರಿಕೆಯಾಗಿ ಹಚ್ಚುವುದಕ್ಕೆ, ಇದು ಚೆನ್ನಾಗಿದೆ. ಆದರೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಎಣ್ಣೆ ಮಗುವಿನ ಮೈಶಾಖಕ್ಕೆ ಕ್ಷಣದಲ್ಲಿ ನೀರಾಗಿ ಹರಿಯುತ್ತದೆ. ಬೆರಳಲ್ಲಿ ಗಟ್ಟಿಯಾಗಿ ತೆಗೆದುಕೊಂಡದ್ದು ತೊಡೆಸಂದಿಗೆ ತಲುಪುವಷ್ಟರಲ್ಲಿ ಜಾರತೊಡಗಿ, ಅರ್ಧಗಂಟೆಯ ಮೇಲೆ ಡೈಪರ್ ಬಿಚ್ಚಿ ನೋಡಿದರೆ ಎಣ್ಣೆ ಚರ್ಮದ ಮೇಲಿರುವುದಕ್ಕಿಂತ ಡೈಪರಿನ ಒಳಪದರದಲ್ಲೇ ಹೆಚ್ಚಾಗಿರುತ್ತದೆ. ಬಟ್ಟೆಯ ಡೈಪರ್ ಬಳಸುವವರಿಗಂತೂ ಇದು ಇನ್ನೊಂದು ತಲೆನೋವು: ಎಣ್ಣೆ ಹಿಡಿದ ಬಟ್ಟೆ ಮೂತ್ರವನ್ನು ಹೀರದೆ ಹೊರಕ್ಕೆ ತಳ್ಳುತ್ತದೆ, ಬಿಸಿನೀರಿನಲ್ಲಿ ಮತ್ತೆ ಮತ್ತೆ ಒಗೆಯುವವರೆಗೂ ಸರಿಹೋಗುವುದಿಲ್ಲ. ಭೇದಿಯಾಗುತ್ತಿರುವಾಗ ಕೊಬ್ಬರಿ ಎಣ್ಣೆಯೊಂದನ್ನೇ ನಂಬಿ ಕೂರುವುದು ಸರಿಯಲ್ಲ.

ಪೆಟ್ರೋಲಿಯಂ ಜೆಲ್ಲಿಯನ್ನು ನೈಸರ್ಗಿಕ ಮದ್ದಿನ ಪಕ್ಷಪಾತಿಗಳು ಹತ್ತಿರಕ್ಕೂ ಸೇರಿಸುವುದಿಲ್ಲ. ಅಮೆರಿಕದಲ್ಲಿ 1872ರಲ್ಲಿ ಪೇಟೆಂಟ್ ಪಡೆದ ಈ ವಸ್ತು ಕಚ್ಚಾ ತೈಲದಿಂದ ಬಂದದ್ದು ಎಂಬುದೇ ಅವರ ಆಕ್ಷೇಪ. ಆದರೆ ಚರ್ಮದ ಮೇಲೆ ಅಲುಗಾಡದೆ ಕೂರುವ, ನೀರನ್ನು ತಡೆಯುವ, ವಾಸನೆಯಾಗಲಿ ಬಣ್ಣವಾಗಲಿ ಇಲ್ಲದ, ಅಲರ್ಜಿ ತರುವುದು ಬಹಳ ಅಪರೂಪವಾದ ಈ ಜೆಲ್ಲಿಯ ಮುಂದೆ ಗಿಡದಿಂದ ಬಂದ ಯಾವ ಎಣ್ಣೆಯೂ ಗೋಡೆಯ ಕೆಲಸದಲ್ಲಿ ಸರಿಸಾಟಿಯಾಗಿ ನನಗೆ ಕಂಡಿಲ್ಲ. ಶುದ್ಧೀಕರಿಸಿದ, ಔಷಧ ದರ್ಜೆಯದನ್ನೇ ಕೊಳ್ಳಬೇಕು, ಅಷ್ಟೆ. ಮೂಲ ಯಾವುದು ಎಂಬುದನ್ನು ನೋಡಿ ತೀರ್ಪು ಕೊಡುವವರು ಚರ್ಮಕ್ಕೆ ಅದು ಗೊತ್ತಾಗುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ಗಿಡಮೂಲದ್ದೇ ಬೇಕು ಎನ್ನುವವರಿಗೆ ಮನೆಯಲ್ಲಿ ಮಾಡಿಕೊಳ್ಳಬಹುದಾದ ಒಳ್ಳೆಯ ಪರ್ಯಾಯವೆಂದರೆ ಎಣ್ಣೆ ಮತ್ತು ಜೇನುಮೇಣದ ಮುಲಾಮು. ಮೇಣ ಜೇನುಹುಳುವಿನದಾದರೂ ಅವರು ಅಷ್ಟಕ್ಕೆ ತಕರಾರು ತೆಗೆಯಲಾರರು. ನಾಲ್ಕೈದು ಪಾಲು ಕೊಬ್ಬರಿ ಎಣ್ಣೆಗೆ, ಅಥವಾ ಅರ್ಧ ಕೊಬ್ಬರಿ ಎಣ್ಣೆ ಅರ್ಧ ಶಿಯಾ ಬೆಣ್ಣೆಗೆ (ಆಫ್ರಿಕಾದ ಶಿಯಾ ಮರದ ಬೀಜದ ಕೊಬ್ಬು), ತೂಕದಲ್ಲಿ ಒಂದು ಪಾಲು ಮೇಣವನ್ನು ತುರಿದು ಹಾಕಿ, ಪಾತ್ರೆಯನ್ನು ನೇರವಾಗಿ ಉರಿಯ ಮೇಲಿಡದೆ ಕುದಿಯುವ ನೀರಿನ ಮೇಲಿಟ್ಟು ಕರಗಿಸಬೇಕು. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗುವುದರಿಂದ ಹೆಚ್ಚಿನ ಶಾಖವೇನೂ ಬೇಡ. ಕರಗಿದ ಮಿಶ್ರಣದ ಒಂದು ತೊಟ್ಟನ್ನು ತಣ್ಣನೆಯ ಚಮಚದ ಬೆನ್ನಿಗೆ ಬಿಟ್ಟು, ಗಟ್ಟಿಯಾದ ಮೇಲೆ ಬೆರಳಲ್ಲಿ ತಿಕ್ಕಿ ನೋಡಿದರೆ ಹದ ಗೊತ್ತಾಗುತ್ತದೆ: ಬೆರಳನ್ನು ಎಳೆಯುವಂತಿದ್ದರೆ ಮೇಣ ಹೆಚ್ಚಾಗಿದೆ, ಒಡನೆಯೇ ಎಣ್ಣೆಯಾಗಿ ಹರಡಿದರೆ ಕಡಿಮೆಯಾಗಿದೆ. ನೋಯುತ್ತಿರುವ ಚರ್ಮಕ್ಕೆ ಹಚ್ಚುವ ಮುಲಾಮು ಒತ್ತಡವಿಲ್ಲದೆ ಜಾರಬೇಕಾದ್ದರಿಂದ ನನಗೆ ತುಸು ಮೆತ್ತಗಿನ ಹದವೇ ಹಿಡಿಸಿತು. ಮೈಶಾಖಕ್ಕೆ ಇದು ಬರಿಯ ಕೊಬ್ಬರಿ ಎಣ್ಣೆಯಷ್ಟು ಬೇಗ ಸೋರಿಹೋಗುವುದಿಲ್ಲ. ಇದರಲ್ಲಿ ನೀರಿನಂಶವಿಲ್ಲದ ಕಾರಣ ಸೂಕ್ಷ್ಮಜೀವಿಗಳು ಬೆಳೆಯುವ ಭಯವೂ ಕಡಿಮೆ. ಆದರೆ ಇದಕ್ಕೆ ಲೋಳೆಸರದ ತಿರುಳನ್ನೋ ಗಿಡಮೂಲಿಕೆಯ ಕಷಾಯವನ್ನೋ ಬೆರೆಸಿದ ಕ್ಷಣದಿಂದ ಈ ಅನುಕೂಲ ಹೋಯಿತು; ಸಂರಕ್ಷಕವಿಲ್ಲದ ಅಂಥ ಮಿಶ್ರಣ ಕೆಲವೇ ದಿನಗಳಲ್ಲಿ ಕೆಡುತ್ತದೆ, ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ. ಒದ್ದೆ ಬೆರಳನ್ನು ಡಬ್ಬಿಗೆ ಅದ್ದುವ ಬದಲು ಒಣ ಚಮಚದಿಂದ ತೆಗೆದುಕೊಳ್ಳುವ ಅಭ್ಯಾಸವೂ ಒಳ್ಳೆಯದು.

ಇದೇ ಮುಲಾಮಿಗೆ ಜಿಂಕ್ ಆಕ್ಸೈಡ್ ಪುಡಿ ಬೆರೆಸಿ ‘ಮನೆಯಲ್ಲೇ ಡೈಪರ್ ಕ್ರೀಮ್’ ಮಾಡುವ ವಿಧಾನವನ್ನು ಬಹಳ ಮಂದಿ ಹೊಗಳುತ್ತಾರೆ. ನಾನು ಅದಕ್ಕೆ ಒಲವು ತೋರಿಸಲಾರೆ. ಜಿಂಕ್ ಆಕ್ಸೈಡ್ ನಿಜಕ್ಕೂ ಒಳ್ಳೆಯ ವಸ್ತು. ಮಾರುಕಟ್ಟೆಯ ಕ್ರೀಮುಗಳಲ್ಲಿ ಅದು ಶೇ. 10ರಿಂದ 40ರವರೆಗೂ ಇರುತ್ತದೆ, ತೀವ್ರವಾದ ದದ್ದಿಗೆ ಮಕ್ಕಳ ವೈದ್ಯರು ಹೆಚ್ಚಿನ ಪ್ರಮಾಣದ್ದನ್ನೇ ಹೇಳುತ್ತಾರೆ. ಆದರೆ ಮನೆಯಲ್ಲಿ ಬೆರೆಸಿದಾಗ ಪುಡಿ ಕರಗುವುದಿಲ್ಲ, ಎಣ್ಣೆ ಬಿಸಿಯಾಗಿರುವಷ್ಟು ಹೊತ್ತು ತಳಕ್ಕೆ ಇಳಿಯುತ್ತಲೇ ಇರುತ್ತದೆ. ಗಟ್ಟಿಯಾಗುವವರೆಗೆ ಬಿಡದೆ ಕದಡಿದರೂ ಡಬ್ಬಿಯ ಮೇಲ್ಭಾಗ ಬರಿಯ ಎಣ್ಣೆ, ಕೆಳಭಾಗ ಮರಳುಮರಳಾದ ಹಿಟ್ಟು ಎಂಬಂತಾಗುವುದುಂಟು. ಆ ತರಿಗಳು ಉರಿಯುವ ಚರ್ಮಕ್ಕೆ ಉಪ್ಪುಕಾಗದದಂತೆ ತಾಗುತ್ತವೆ. ಪುಡಿಯನ್ನು ಅಳೆಯುವಾಗ ಏಳುವ ಧೂಳನ್ನು ಉಸಿರಿಗೆ ತೆಗೆದುಕೊಳ್ಳುವುದೂ ಒಳ್ಳೆಯದಲ್ಲ. ಎಣ್ಣೆ-ಮೇಣದ ಮುಲಾಮು ಮನೆಯಲ್ಲಿ ಮಾಡಿಕೊಳ್ಳಿ, ಜಿಂಕ್ ಕ್ರೀಮನ್ನು ಔಷಧದ ಅಂಗಡಿಯಿಂದ ಸುವಾಸನೆಯಿಲ್ಲದ್ದನ್ನು ನೋಡಿ ತನ್ನಿ ಎಂಬುದು ನನ್ನ ಶಿಫಾರಸು.

ಯಾವ ಲೇಪವೇ ಆಗಲಿ, ಹಚ್ಚುವ ರೀತಿಯಲ್ಲಿ ಬಹಳಷ್ಟು ಜನ ತಪ್ಪುವುದು ಒಂದು ಕಡೆ. ತೆಳುವಾಗಿ ತಿಕ್ಕಿ ಚರ್ಮದೊಳಕ್ಕೆ ಇಳಿಸಲು ಇದು ಮುಖಕ್ಕೆ ಹಚ್ಚುವ ಕ್ರೀಮಲ್ಲ. ಕೆಳಗಿನ ಚರ್ಮ ಕಾಣದಷ್ಟು ದಪ್ಪಗೆ ಬಳಿಯಬೇಕು. ಮುಂದಿನ ಸಲ ಡೈಪರ್ ಬದಲಿಸುವಾಗ ಮಲ ತಾಗಿದ ಮೇಲಿನ ಪದರವನ್ನಷ್ಟೇ ಒರೆಸಿ, ಕೆಳಗಿನ ಶುದ್ಧವಾದ ಪದರವನ್ನು ಹಾಗೆಯೇ ಬಿಟ್ಟು, ಅದರ ಮೇಲೆ ಮತ್ತೆ ಬಳಿಯಬೇಕು. ಪ್ರತಿ ಸಲವೂ ಬಿಳಿಯ ಜಿಂಕನ್ನು ಪೂರ್ತಿ ತೆಗೆಯಲು ಹೋಗಿ ತಿಕ್ಕಿದರೆ, ರಾತ್ರಿಯೆಲ್ಲ ಗುಣವಾಗಿದ್ದ ಚರ್ಮ ಬೆಳಗಿನ ಒರೆಸಾಟದಲ್ಲಿ ಮತ್ತೆ ಕಿತ್ತುಬರುತ್ತದೆ. ದಿನಕ್ಕೊಮ್ಮೆ ಸ್ನಾನದ ಹೊತ್ತಿಗೆ ಪೂರ್ತಿ ತೆಗೆಯಬೇಕೆನಿಸಿದರೆ ಹತ್ತಿಗೆ ಸ್ವಲ್ಪ ಎಣ್ಣೆ ಹಾಕಿ ಒರೆಸಿದರೆ ಸುಲಭವಾಗಿ ಬರುತ್ತದೆ.

ಎದೆಹಾಲಿನ ಬಗ್ಗೆ ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚಿನ ಪುರಾವೆ ಸಿಕ್ಕಿತು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಆದ ಹೈಡ್ರೊಕಾರ್ಟಿಸೋನ್‌ನ ಶೇ. 1ರ ಮುಲಾಮಿನೊಂದಿಗೆ ಹೋಲಿಸಿದ ಪ್ರಯೋಗವೊಂದರಲ್ಲಿ ಎರಡೂ ಹೆಚ್ಚುಕಡಿಮೆ ಸಮಾನವಾಗಿ ಕೆಲಸ ಮಾಡಿದವು. ಜಿಂಕ್ ಆಕ್ಸೈಡ್ ಮತ್ತು ಕಾಡ್ ಮೀನೆಣ್ಣೆ ಇರುವ ಕ್ರೀಮಿನೊಂದಿಗೆ ನವಜಾತ ಶಿಶುಗಳಲ್ಲಿ ಹೋಲಿಸಿದಾಗ ಮಾತ್ರ ಕ್ರೀಮೇ ಮುಂದಿತ್ತು. ಹಾಲು ಕೊಟ್ಟಾದ ಮೇಲೆ ಕೆಲವು ಹನಿಗಳನ್ನು ಹಚ್ಚಿ, ಒಣಗಲು ಬಿಟ್ಟು, ಆಮೇಲೆ ಗೋಡೆಯಾಗಬಲ್ಲ ಲೇಪವನ್ನು ಬಳಿಯುವುದರಲ್ಲಿ ತಪ್ಪೇನಿಲ್ಲ. ಮಗುವಿನ ಬಾಯಲ್ಲಿ ಬಿಳಿಯ ಶಿಲೀಂಧ್ರದ ಪದರ ಕಾಣಿಸುತ್ತಿದ್ದರೆ ಅಥವಾ ತಾಯಿಯ ಮೊಲೆತೊಟ್ಟಿಗೆ ಅದೇ ಸೋಂಕು ತಗುಲಿದ್ದರೆ ಇದನ್ನು ಬಿಡುವುದೇ ಕ್ಷೇಮ.

ಓಟ್ಸ್ ಸ್ನಾನ ನನ್ನ ಮೆಚ್ಚಿನದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ನುಣ್ಣಗೆ ಅರೆದ ಓಟ್ಸನ್ನು 2003ರಲ್ಲಿ ಚರ್ಮರಕ್ಷಕವೆಂದು ಒಪ್ಪಿಕೊಂಡಿದೆ. ಅದರಲ್ಲಿರುವ ಅವೆನಾಂಥ್ರಮೈಡ್ ಎಂಬ ಸಂಯುಕ್ತಗಳಿಗೆ ಉರಿ ಮತ್ತು ತುರಿಕೆಯನ್ನು ಶಮನಗೊಳಿಸುವ ಗುಣವಿದೆ. ಸಕ್ಕರೆ, ಸುವಾಸನೆ ಬೆರೆಸದ ಓಟ್ಸನ್ನು ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ ಮಾಡಿ, ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕದಡಿ ನೋಡಬೇಕು. ನೀರು ಹಾಲಿನಂತಾಗಿ ಹಾಗೆಯೇ ನಿಂತರೆ ಸರಿ; ತರಿ ತಳಕ್ಕೆ ಕೂತರೆ ಇನ್ನೂ ಅರೆಯಬೇಕು. ಈ ಪುಡಿ ಬೆರೆಸಿದ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಮಗುವನ್ನು ಹತ್ತು ನಿಮಿಷ ಕೂರಿಸಿದರೆ ಸಾಕು. ಟಬ್ಬು ವಿಪರೀತ ಜಾರುತ್ತದೆ, ಒಂದು ಕೈ ಸದಾ ಮಗುವಿನ ಮೇಲಿರಬೇಕು. ಮೊಂಡು ಅಲರ್ಜಿಯ ಚರ್ಮವಿರುವ ಮಕ್ಕಳಿಗೆ ವೈದ್ಯರನ್ನು ಕೇಳಿಯೇ ಓಟ್ಸ್ ಬಳಸಬೇಕು.

ಲೋಳೆಸರ ಮತ್ತು ಕ್ಯಾಲೆಂಡುಲಾ (ಚೆಂಡುಹೂವನ್ನು ಹೋಲುವ ಒಂದು ಔಷಧೀಯ ಹೂವು) ಎರಡನ್ನೂ ಹೋಲಿಸಿದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಗಿದೆ. ಎರಡರಲ್ಲೂ ದದ್ದು ತಗ್ಗಿತು, ಕ್ಯಾಲೆಂಡುಲಾ ತುಸು ಮೇಲುಗೈ ಸಾಧಿಸಿತು. ಏನನ್ನೂ ಹಚ್ಚದ ಮಕ್ಕಳ ಗುಂಪು ಅದರಲ್ಲಿ ಇರಲಿಲ್ಲವಾದ್ದರಿಂದ ನಾನು ಮೊದಲಿಗೇ ಹೇಳಿದ ಸಂಶಯ ಇಲ್ಲಿಯೂ ಉಳಿಯುತ್ತದೆ. ಗಿಡದಿಂದ ನೇರವಾಗಿ ಕೊಯ್ದ ಲೋಳೆಸರದ ಸಿಪ್ಪೆಯ ಕೆಳಗಿನ ಹಳದಿ ರಸ ಚರ್ಮವನ್ನು ಕೆರಳಿಸಬಲ್ಲದು. ಜೇನುತುಪ್ಪ, ಆಲಿವ್ ಎಣ್ಣೆ ಮತ್ತು ಜೇನುಮೇಣದ ಮಿಶ್ರಣದ ಮೇಲೆ 2005ರಲ್ಲಿ ಬಂದ ಅಧ್ಯಯನ ಹನ್ನೆರಡೇ ಮಕ್ಕಳ ಮೇಲೆ ನಡೆದದ್ದು. ಒಂದು ವರ್ಷದೊಳಗಿನ ಮಗುವಿನ ಹೊಟ್ಟೆಗೆ ಜೇನು ಹೋದರೆ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರುವ ಅಪಾಯವಿದೆ. ಡೈಪರ್ ಬಿಚ್ಚಿದ ಕೂಡಲೇ ಮಗುವಿನ ಕೈ ಅಲ್ಲಿಗೂ, ಅಲ್ಲಿಂದ ಬಾಯಿಗೂ ಹೋಗುವುದನ್ನು ಕಂಡವರು ಈ ಪ್ರಯೋಗಕ್ಕೆ ಇಳಿಯಲಾರರು.

ಪುಡಿಗಳಲ್ಲಿ ಟಾಲ್ಕಂ ಪೌಡರ್ ಬೇಡವೇ ಬೇಡ. ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕಾರ್ನ್‌ಫ್ಲೋರ್ ಶಿಲೀಂಧ್ರಕ್ಕೆ ಆಹಾರವಾಗುತ್ತದೆ ಎಂಬ ಮಾತು ಬಹಳ ಪ್ರಚಲಿತವಾಗಿದ್ದರೂ, ಅದು ಮನುಷ್ಯರ ಚರ್ಮದ ಮೇಲೆ ಶಿಲೀಂಧ್ರವನ್ನು ಹೆಚ್ಚಿಸಲಿಲ್ಲವೆಂದು 1984ರ ಅಧ್ಯಯನವೊಂದು ಕಂಡುಕೊಂಡಿತ್ತು. ಆದರೂ ತೇವಕ್ಕೆ ಅಂಟಾಗಿ ತೊಡೆಸಂದಿನಲ್ಲಿ ಉಂಡೆಗಟ್ಟುವ, ಉಸಿರಿಗೂ ಸೇರಬಲ್ಲ ಹಿಟ್ಟನ್ನು ಏಕೆ ಹಾಕಬೇಕು?

ನನಗೆ ನಿಜಕ್ಕೂ ಆತಂಕ ತರುವುದು ಅಡುಗೆ ಸೋಡಾ. ‘ಆಮ್ಲವನ್ನು ತಣಿಸುತ್ತದೆ’ ಎಂಬ ಸಮರ್ಥನೆಯೊಂದಿಗೆ ಸೋಡಾ ನೀರಿನ ಸ್ನಾನವನ್ನೂ ಸೋಡಾ ಲೇಪವನ್ನೂ ಹೇಳುವವರು ಇದ್ದಾರೆ. ಸಮಸ್ಯೆಯ ಮೂಲವೇ ಪಿಎಚ್ ಏರುವುದಾಗಿರುವಾಗ, 8ಕ್ಕಿಂತ ಹೆಚ್ಚಿನ ಪಿಎಚ್ ಇರುವ ಕ್ಷಾರವನ್ನು ಸುರಿದರೆ ಆ ಕಿಣ್ವಗಳಿಗೆ ನಾವೇ ಸಹಾಯ ಮಾಡಿದಂತಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೊಂದಿದೆ: ಡೈಪರ್ ದದ್ದಿಗೆ ಅಡುಗೆ ಸೋಡಾ ಹಚ್ಚುತ್ತಿದ್ದ ನಾಲ್ಕು ತಿಂಗಳ ಕೂಸಿನಲ್ಲಿ ಅದು ಚರ್ಮದ ಮೂಲಕ ರಕ್ತಕ್ಕೆ ಸೇರಿ, ರಕ್ತದ ಕ್ಷಾರೀಯತೆ ಅಪಾಯಕಾರಿಯಾಗಿ ಏರಿದ ಪ್ರಕರಣ 1981ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಹಿಂದೆ ಹೀಗೆಯೇ ಮನೆಮಾತಾಗಿದ್ದ ಬೋರಿಕ್ ಆಸಿಡ್ ಪುಡಿ ಕೂಸುಗಳ ಸಾವಿಗೂ ಕಾರಣವಾಗಿ ಬಳಕೆಯಿಂದ ಹೊರಬಿದ್ದಿತು. ವಿನೆಗರ್ ಪಿಎಚ್ ಇಳಿಸುತ್ತದೆ ಎಂಬುದು ನಿಜ, ಆದರೆ ಸುಲಿದ ಚರ್ಮಕ್ಕೆ ಅದು ಸುಟ್ಟಂತೆ ಉರಿಯುತ್ತದೆ. ಬಟ್ಟೆಯ ಡೈಪರ್ ಜಾಲಿಸುವ ನೀರಿಗೆ ಬೇಕಾದರೆ ಸ್ವಲ್ಪ ಹಾಕಿಕೊಳ್ಳಬಹುದು. ಟೀ ಟ್ರೀಯಂಥ ಸುಗಂಧ ತೈಲಗಳು ನೈಸರ್ಗಿಕವೇ ಆದರೂ ಚರ್ಮವನ್ನು ಕೆರಳಿಸುವುದರಲ್ಲಿ ಯಾವ ರಾಸಾಯನಿಕಕ್ಕೂ ಕಡಿಮೆಯಿಲ್ಲ. ಆಲಿವ್ ಎಣ್ಣೆಯಲ್ಲಿ ಒಲಿಯಿಕ್ ಆಮ್ಲ ಹೆಚ್ಚು. ದೊಡ್ಡವರ ಚರ್ಮದ ಮೇಲೆ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಚರ್ಮದ ತಡೆಪದರವನ್ನು ದುರ್ಬಲಗೊಳಿಸಿತ್ತು.

ಮೊಟ್ಟೆಯ ಬಿಳಿ, ಶೇಂಗಾ ಎಣ್ಣೆ ಮುಂತಾದ ಆಹಾರ ಪದಾರ್ಥಗಳನ್ನು ಹಚ್ಚುವುದರ ಬಗ್ಗೆಯೂ ಒಂದು ಮಾತು. ಉರಿಯೂತವಿರುವ ಚರ್ಮದ ಮೇಲೆ ಶೇಂಗಾ ಎಣ್ಣೆಯಿರುವ ಲೇಪಗಳನ್ನು ಬಳಸಿದ್ದಕ್ಕೂ ಮುಂದೆ ಆ ಮಕ್ಕಳಿಗೆ ಶೇಂಗಾ ಅಲರ್ಜಿ ಬಂದದ್ದಕ್ಕೂ ನಂಟಿರುವುದನ್ನು ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2003ರಲ್ಲಿ ತೋರಿಸಿತು. ಬಾಯಿಯ ಮೂಲಕ ಪರಿಚಯವಾಗಬೇಕಾದ ಆಹಾರ ಒಡೆದ ಚರ್ಮದ ಮೂಲಕ ದೇಹಕ್ಕೆ ಪರಿಚಯವಾದರೆ ಅದನ್ನು ಶತ್ರುವೆಂದು ಗುರುತಿಸುವ ಸಂಭವ ಹೆಚ್ಚು.

ಈ ಎಲ್ಲ ಮದ್ದುಗಳಿಗೂ ಒಂದು ಎಲ್ಲೆಯಿದೆ, ಅದನ್ನು ಕಣ್ಣಿನಿಂದಲೇ ಬಹುಮಟ್ಟಿಗೆ ಗುರುತಿಸಬಹುದು. ಸಾಮಾನ್ಯ ದದ್ದು ಡೈಪರ್ ತಾಗುವ ಉಬ್ಬುಗಳ ಮೇಲೆ ಇರುತ್ತದೆ, ಚರ್ಮದ ಮಡಿಕೆಗಳ ಒಳಗನ್ನು ಬಿಟ್ಟಿರುತ್ತದೆ. ತೊಡೆಸಂದಿನ ಮಡಿಕೆಯೊಳಗೇ ಗಾಢ ಕೆಂಪು ಬಣ್ಣ ಹರಡಿ, ಅದರ ಅಂಚಿನಾಚೆ ಬಿಡಿಬಿಡಿಯಾಗಿ ಸಣ್ಣ ಕೆಂಪು ಬೊಕ್ಕೆಗಳು ಎದ್ದಿದ್ದರೆ ಅದು ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಇರಬಹುದು. ಮೂರು ದಿನ ದಾಟಿದ ದದ್ದಿನಲ್ಲಿ, ಅದರಲ್ಲೂ ಮಗು ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ, ಇದು ಸಾಮಾನ್ಯ. ಅದಕ್ಕೆ ಶಿಲೀಂಧ್ರನಾಶಕ ಮುಲಾಮೇ ಬೇಕು. ಮನೆಯಲ್ಲಿ ಉಳಿದಿದ್ದ ಸ್ಟೀರಾಯ್ಡ್ ಬೆರೆತ ಟ್ಯೂಬನ್ನು ಹಚ್ಚುವುದು ಮಾತ್ರ ಕೂಡದು. ಡೈಪರ್ ಮುಚ್ಚಿದ ಚರ್ಮ ಸ್ಟೀರಾಯ್ಡನ್ನು ಬಹಳ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಗುದದ ಸುತ್ತ ಉಂಗುರದಂತೆ ಗೆರೆ ಕೊರೆದ ಕೆಂಪು ಮತ್ತು ಮಲವಿಸರ್ಜನೆಯ ವೇಳೆ ನೋವು ಇದ್ದರೆ ಬ್ಯಾಕ್ಟೀರಿಯಾ ಸೋಂಕು, ಬಾಯಿಯ ಸುತ್ತಲೂ ಡೈಪರ್ ಜಾಗದಲ್ಲೂ ಒಟ್ಟಿಗೆ ಎದ್ದು ಮಾಯದ ದದ್ದಿದ್ದರೆ ದೇಹದಲ್ಲಿ ಸತುವಿನ ಕೊರತೆ ಇರಬಹುದು. ಕೀವು, ನೀರುಗುಳ್ಳೆ, ರಕ್ತ, ಜ್ವರ ಇವುಗಳಲ್ಲಿ ಒಂದು ಕಂಡರೂ, ಅಥವಾ ಕೂಸು ಇನ್ನೂ ತೀರಾ ಎಳೆಯದಾಗಿದ್ದರೆ, ಮೂರು ದಿನ ಕಾಯುವ ಅಗತ್ಯವೇ ಇಲ್ಲ. ವೈದ್ಯರಲ್ಲಿಗೆ ಹೊರಡುವ ಮುನ್ನ ದಪ್ಪಗೆ ಬಳಿದಿರುವ ಲೇಪವನ್ನು ಎಣ್ಣೆ ಹಾಕಿದ ಹತ್ತಿಯಿಂದ ಮೆಲ್ಲಗೆ ತೆಗೆದಿರಬೇಕು, ಇಲ್ಲವಾದರೆ ಅವರಿಗೆ ಚರ್ಮ ಕಾಣಿಸುವುದಿಲ್ಲ. ಅಲ್ಲಿಯವರೆಗೆ ಏನೇನು ಹಚ್ಚಿದ್ದೀರಿ ಎಂಬುದನ್ನು, ಹೇಳಲು ಸಂಕೋಚವಾಗುವಂಥದ್ದನ್ನೂ ಸೇರಿಸಿ, ಅವರಿಗೆ ತಿಳಿಸಬೇಕು.